ಸೊಂಟದ ಪಿಸ್ತೂಲು, ಪೊಲೀಸರ ಕಣ್ಣು

1966ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಹ್ಯೂಯಿ ನ್ಯೂಟನ್‌ಗೆ ಆಗ 24 ವರ್ಷ, ಬಾಬಿ ಸೀಲ್‌ಗೆ 29. ಅವರ ಜೊತೆ ಮೊದಲು ಸೇರಿ ಖಜಾಂಚಿಯಾದ ಬಾಬಿ ಹಟನ್‌ಗೆ ಬರೀ 16. ನ್ಯೂಟನ್ ಕಾಲೇಜಿನಲ್ಲಿ ಕಾನೂನಿನ ಪಾಠ ಕೇಳಿದ್ದರು, ರಾಜ್ಯದ ದಂಡಸಂಹಿತೆಯನ್ನು ಸಾಲು ಸಾಲಾಗಿ ಓದಿಕೊಂಡಿದ್ದರು. ಪಿಸ್ತೂಲನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಓಡಾಡಲು ಪರವಾನಗಿ ಬೇಕು, ಎಲ್ಲರಿಗೂ ಕಾಣುವಂತೆ ಹಿಡಿದು ನಡೆದರೆ ಬೇಡ ಎಂಬುದು ಅವರಿಗೆ ಅಲ್ಲಿ ಸಿಕ್ಕಿತು. ಗುಂಡು ತುಂಬಿದ್ದರೂ ಅಡ್ಡಿಯಿರಲಿಲ್ಲ. ಪೊಲೀಸರು ಯಾರನ್ನಾದರೂ ಹಿಡಿಯುವಾಗ ಅಡ್ಡಿ ಮಾಡದಷ್ಟು ದೂರದಲ್ಲಿ ನಿಂತು ನೋಡುವುದೂ ಅಪರಾಧವಾಗಿರಲಿಲ್ಲ. ಈ ಎರಡನ್ನೂ ಕೂಡಿಸಿ ಅವರು ರಾತ್ರಿ ಗಸ್ತು ಶುರು ಮಾಡಿದರು. ಪೊಲೀಸ್ ಕಾರು ಕರಿಯರ ಕೇರಿಯಲ್ಲಿ ಯಾರನ್ನಾದರೂ ತಡೆದರೆ ಇವರ ಕಾರೂ ಅಲ್ಲೇ ನಿಲ್ಲುತ್ತಿತ್ತು. ಇಳಿದು, ಬಂದೂಕಿನ ಮೂತಿಯನ್ನು ಆಕಾಶಕ್ಕೋ ನೆಲಕ್ಕೋ ಮಾಡಿಕೊಂಡು ನಿಂತು, ಸಿಕ್ಕಿಬಿದ್ದವನಿಗೆ ಅವನ ಹಕ್ಕುಗಳೇನೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಹಿಂದೊಂದು ಹಲ್ಲೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರಿಂದ ನ್ಯೂಟನ್ ಕೈಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಅವರ ಕೈಯಲ್ಲಿ ಉದ್ದನೆಯ ಶಾಟ್‌ಗನ್ ಇರುತ್ತಿತ್ತು, ಪಿಸ್ತೂಲು ಸೀಲ್ ಸೊಂಟದಲ್ಲಿ. ಕಾನೂನನ್ನು ಇಷ್ಟು ಅಕ್ಷರಶಃ ಪಾಲಿಸಿದ ಬಂಡಾಯ ಅಪರೂಪ.

ಹತ್ತು ತಿಂಗಳು ತುಂಬುವ ಮೊದಲೇ ಆ ಕಾನೂನು ಬದಲಾಯಿತು. ಅಮೆರಿಕದಲ್ಲಿ ಕಾಣುವಂತೆ ಪಿಸ್ತೂಲು ಧರಿಸುವ ಹಕ್ಕಿನ ಇತಿಹಾಸವನ್ನು ಸಾಮಾನ್ಯವಾಗಿ ಎರಡು ಬಣಗಳ ಜಗಳವಾಗಿ ಹೇಳುತ್ತಾರೆ: ಒಂದು ಕಡೆ ಸಂವಿಧಾನದ ಎರಡನೇ ತಿದ್ದುಪಡಿಯನ್ನು ನೆಚ್ಚಿಕೊಂಡವರು, ಇನ್ನೊಂದು ಕಡೆ ಬಂದೂಕು ನಿಯಂತ್ರಣ ಬೇಕೆನ್ನುವವರು. ಈ ಚಿತ್ರದಲ್ಲಿ ಮುಖ್ಯವಾದ ಮೂರನೆಯವನೊಬ್ಬ ಬಿಟ್ಟುಹೋಗುತ್ತಾನೆ. ಅವನು ಬೀದಿಯಲ್ಲಿ ನಿಂತ ಪೊಲೀಸ್. ಶಾಸನ ಏನೇ ಹೇಳಲಿ, ಆಯುಧ ಹಿಡಿದು ಎದುರಿಗೆ ಬರುವವನು ಗೌರವಸ್ಥ ನಾಗರಿಕನೋ ಅಪಾಯವೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು ಅವನೇ. ಇನ್ನೂರು ವರ್ಷಗಳ ದಾಖಲೆಯನ್ನು ನೋಡಿದರೆ ನನಗೆ ಖಚಿತವಾಗುವುದು ಇಷ್ಟು: ಈ ಹಕ್ಕನ್ನು ಶಾಸನಗಳು ಎಲ್ಲರಿಗೂ ಕೊಟ್ಟಂತೆ ಬರೆದವು, ಆದರೆ ಅದನ್ನು ಹಂಚುವ ಕೆಲಸವನ್ನು ಪೊಲೀಸರ ಕಣ್ಣಿಗೆ ಬಿಟ್ಟವು. ಆ ಕಣ್ಣಿಗೆ ಬಣ್ಣ, ವಯಸ್ಸು, ಉಡುಪು ಎಲ್ಲವೂ ಕಾಣುತ್ತವೆ.

ಹತ್ತೊಂಬತ್ತನೇ ಶತಮಾನದ ದಕ್ಷಿಣ ರಾಜ್ಯಗಳಿಂದಲೇ ನೋಡೋಣ. ಆಯುಧ ಅಡಗಿಸಿಕೊಳ್ಳುವುದನ್ನು ನಿಷೇಧಿಸಿದ ಮೊದಲ ರಾಜ್ಯಗಳು ಕೆಂಟಕಿ ಮತ್ತು ಲೂಯಿಸಿಯಾನ, 1813ರಲ್ಲಿ. ಅಡಗಿಸಿಕೊಂಡವನು ಹೇಡಿ, ಹೊಂಚು ಹಾಕುವವನು. ತೋರಿಸಿಕೊಂಡು ನಡೆಯುವವನು ಮರ್ಯಾದಸ್ಥ ಎಂಬುದು ಆ ಕಾಲದ ಭಾವನೆ. 1846ರಲ್ಲಿ ಜಾರ್ಜಿಯದ ಸರ್ವೋಚ್ಚ ನ್ಯಾಯಾಲಯ ನನ್ ಪ್ರಕರಣದಲ್ಲಿ ಅಡಗಿಸುವುದರ ಮೇಲಿನ ನಿಷೇಧವನ್ನು ಎತ್ತಿಹಿಡಿದು, ಬಹಿರಂಗವಾಗಿ ಧರಿಸುವುದರ ಮೇಲಿನ ನಿಷೇಧವನ್ನು ಹೊಡೆದುಹಾಕಿತು. 1850ರಲ್ಲಿ ಲೂಯಿಸಿಯಾನದ ನ್ಯಾಯಾಲಯವೂ ಚಾಂಡ್ಲರ್ ಪ್ರಕರಣದಲ್ಲಿ ಅದೇ ದಾರಿ ಹಿಡಿದು, ಬಹಿರಂಗ ಧಾರಣೆಯನ್ನು ಗಂಡಸುತನದ ಲಕ್ಷಣವೆಂಬಂತೆ ಹೊಗಳಿತು. ಇಂದು ಬಹಿರಂಗ ಧಾರಣೆಯ ಪರವಾಗಿ ವಾದಿಸುವ ವಕೀಲರು ಈ ಎರಡು ತೀರ್ಪುಗಳನ್ನು ಮತ್ತೆ ಮತ್ತೆ ಎತ್ತುತ್ತಾರೆ. ಆದರೆ ಆ ಎರಡೂ ರಾಜ್ಯಗಳಲ್ಲಿ ಆಗ ಗುಲಾಮಗಿರಿ ಇತ್ತು ಎಂಬುದನ್ನು ಮರೆತು ಅವುಗಳನ್ನು ಓದುವಂತಿಲ್ಲ. ವರ್ಜೀನಿಯದಲ್ಲಿ 1806ರಿಂದ ಸ್ವತಂತ್ರ ಕರಿಯನೂ ಬಂದೂಕು ಇಟ್ಟುಕೊಳ್ಳಲು ಪರವಾನಗಿ ತೆಗೆದುಕೊಳ್ಳಬೇಕಿತ್ತು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಟೇನಿ, ಕರಿಯರನ್ನು ನಾಗರಿಕರೆಂದು ಒಪ್ಪಿಕೊಂಡರೆ ಏನೇನಾಗಬಹುದೆಂದು ಪಟ್ಟಿ ಮಾಡಿದರು. ಅವರು ಹೋದಲ್ಲೆಲ್ಲ ಆಯುಧ ಹಿಡಿದು ಓಡಾಡುತ್ತಾರೆ ಎಂಬುದು ಆ ಪಟ್ಟಿಯಲ್ಲಿತ್ತು. ಬಹಿರಂಗ ಧಾರಣೆ ನಾಗರಿಕತ್ವದ ಗುರುತು ಎಂದು ನ್ಯಾಯಮೂರ್ತಿಗಳು ಒಪ್ಪಿದ್ದರು. ಅದೇ ಕಾರಣಕ್ಕೆ ಆ ಗುರುತು ಯಾರಿಗೆ ಸಿಗಬಾರದು ಎಂಬುದೂ ಅವರಿಗೆ ಸ್ಪಷ್ಟವಿತ್ತು.

ಅಂತರ್ಯುದ್ಧ ಮುಗಿದ ಮೇಲೆ ಬಣ್ಣದ ಹೆಸರು ಹೇಳಿ ಕಾನೂನು ಬರೆಯುವುದು ಕಷ್ಟವಾಯಿತು. 1865ರ ಕೊನೆಗೆ ಮಿಸಿಸಿಪ್ಪಿ ಬಿಡುಗಡೆಗೊಂಡವರು ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಬಾರದೆಂದು ನೇರವಾಗಿ ಬರೆದಿತ್ತು. ಹದಿನಾಲ್ಕನೇ ತಿದ್ದುಪಡಿ ಬಂದ ನಂತರ ಆ ನೇರತನ ಹೋಯಿತು, ಉದ್ದೇಶ ಹೋಗಲಿಲ್ಲ. ಇದಕ್ಕೆ ಫ್ಲಾರಿಡಾಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 1893ರಲ್ಲಿ ಅಲ್ಲಿ ಪಿಸ್ತೂಲು ಮತ್ತು ರಿಪೀಟಿಂಗ್ ರೈಫಲ್ ಒಯ್ಯಲು ಪರವಾನಗಿ ಬೇಕೆಂಬ ಕಾನೂನು ಬಂತು. ಅದರಲ್ಲಿ ಕರಿಯ, ಬಿಳಿಯ ಎಂಬ ಒಂದು ಪದವೂ ಇರಲಿಲ್ಲ. 1941ರಲ್ಲಿ ವಾಟ್ಸನ್ ಎಂಬಾತನ ಪ್ರಕರಣ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ರಿವರ್ಸ್ ಬ್ಯೂಫರ್ಡ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು: ಈ ಕಾನೂನು ಮಾಡಿದ್ದು ನೀಗ್ರೋ ಕೂಲಿಗಳನ್ನು ನಿಶ್ಶಸ್ತ್ರಗೊಳಿಸಲು, ಬಿಳಿಯರಿಗೆ ಅನ್ವಯಿಸುವ ಉದ್ದೇಶ ಎಂದೂ ಇರಲಿಲ್ಲ, ಅನ್ವಯಿಸಿದ್ದೂ ಇಲ್ಲ. ಹಾಳೆಯ ಮೇಲೆ ಎಲ್ಲರಿಗೂ ಒಂದೇ ಆಗಿದ್ದ ಕಾನೂನನ್ನು ಶೆರಿಫ್‌ಗಳು ನಲವತ್ತೆಂಟು ವರ್ಷ ಎರಡಾಗಿ ನಡೆಸಿದ್ದರು. ಅಧಿಕಾರಿಯ ವಿವೇಚನೆ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ 1956ರದು. ಮಾಂಟ್ಗೊಮರಿಯಲ್ಲಿ ಮನೆಯ ಮೇಲೆ ಬಾಂಬ್ ಬಿದ್ದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಪಿಸ್ತೂಲಿನ ಪರವಾನಗಿ ಕೇಳಿದರು. ಇಡೀ ಅಲಬಾಮಾದಲ್ಲಿ ಅವರಿಗಿಂತ ಹೆಚ್ಚು ಪ್ರಾಣಭಯ ಇದ್ದವರನ್ನು ಹುಡುಕುವುದು ಕಷ್ಟವಿತ್ತು. ಪರವಾನಗಿ ಸಿಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ, ಅದು ಹುರುಳಿಲ್ಲದ ಆಕ್ಷೇಪವೂ ಅಲ್ಲ. ಎಲ್ಲ ಬಂದೂಕು ಕಾನೂನನ್ನೂ ವರ್ಣದ್ವೇಷದ ಖಾತೆಗೆ ಹಾಕುವುದು ಸರಿಯೇ? ಪಶ್ಚಿಮದ ದನಗಾಹಿಗಳ ಊರುಗಳಲ್ಲಿ ಬಿಳಿಯರೇ ಬಿಳಿಯರ ಪಿಸ್ತೂಲು ಕಸಿದುಕೊಂಡರಲ್ಲ? ನಿಜ. ಕನ್ಸಾಸ್‌ನ ಡಾಡ್ಜ್ ಸಿಟಿ, ವಿಚಿಟಾಗಳಲ್ಲಿ ಊರೊಳಗೆ ಬರುವವರು ಆಯುಧ ಒಪ್ಪಿಸಿ ಬರಬೇಕಿತ್ತು. ಸಿನಿಮಾಗಳು ಸಾವಿರ ಸಲ ತೋರಿಸಿದ 1881ರ ಅಕ್ಟೋಬರ್ 26ರ ಟೂಂಬ್‌ಸ್ಟೋನ್ ಗುಂಡಿನ ಕಾಳಗ ನಡೆದದ್ದು, ಊರೊಳಗೆ ಆಯುಧ ಹಿಡಿದು ಬರಬಾರದೆಂಬ ನಗರಸಭೆಯ ನಿಯಮವನ್ನು ಅರ್ಪ್ ಸಹೋದರರು ಜಾರಿಗೊಳಿಸಲು ಹೊರಟಾಗ. ಹೀಗೆ ಬೀದಿಯಲ್ಲಿ ಆಯುಧ ಬೇಡವೆನ್ನುವುದು ಹಳೆಯ, ಗೌರವಯುತವಾದ ಸಂಪ್ರದಾಯವೇ. ಆದರೆ ಆ ಊರುಗಳ ನಿಯಮದಲ್ಲಿ ಒಂದು ಗುಣವಿತ್ತು. ಅದು ಬರುವವರೆಲ್ಲರಿಗೂ ಅನ್ವಯಿಸುತ್ತಿತ್ತು. ಊರ ಬಾಗಿಲಲ್ಲಿ ಎಲ್ಲರ ಪಿಸ್ತೂಲೂ ಗೂಟಕ್ಕೆ ಬೀಳುತ್ತಿತ್ತು. ಯಾರ ಸೊಂಟದ ಪಿಸ್ತೂಲು ಅಲಂಕಾರ, ಯಾರದ್ದು ಬೆದರಿಕೆ ಎಂದು ಮಾರ್ಷಲ್ ಊಹಿಸುವ ಅಗತ್ಯ ಅಷ್ಟರ ಮಟ್ಟಿಗೆ ಕಡಿಮೆಯಾಗಿತ್ತು. ಟೂಂಬ್‌ಸ್ಟೋನ್‌ನಲ್ಲೂ ಹಗೆತನ ಸೇರಿಕೊಂಡಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನಿಷೇಧ ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ, ಅನುಮತಿ ಕೊಟ್ಟು ಅದರ ಅರ್ಥವನ್ನು ಪೊಲೀಸರಿಗೆ ಬಿಡುವುದು ಬೇರೆ.

ಓಕ್‌ಲೆಂಡ್‌ಗೆ ಮರಳೋಣ. 1967ರ ಫೆಬ್ರವರಿಯಲ್ಲಿ ಮಾಲ್ಕಂ ಎಕ್ಸ್ ಅವರ ವಿಧವೆ ಬೆಟ್ಟಿ ಶಬಾಜ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ ಪ್ಯಾಂಥರ್‌ಗಳು ಆಯುಧಸಹಿತ ಕಾವಲಾಗಿ ನಿಂತರು. ರ್‍ಯಾಂಪಾರ್ಟ್ಸ್ ಪತ್ರಿಕೆಯ ಕಚೇರಿಯೆದುರು ಪೊಲೀಸರಿಗೂ ಅವರಿಗೂ ಮುಖಾಮುಖಿಯಾಯಿತು, ಗುಂಡು ಹಾರಲಿಲ್ಲ. ಏಪ್ರಿಲ್ 1ರಂದು ರಿಚ್ಮಂಡ್‌ನಲ್ಲಿ ಡೆನ್ಜಿಲ್ ಡೊವೆಲ್ ಎಂಬ 22 ವರ್ಷದ ಕರಿಯ ಯುವಕ ಶೆರಿಫ್‌ನ ಅಧಿಕಾರಿಯ ಗುಂಡಿಗೆ ಬಲಿಯಾದ. ಅವನ ಮನೆಯವರು ಪ್ಯಾಂಥರ್‌ಗಳನ್ನು ಕರೆದರು, ಬೀದಿಸಭೆಗಳು ನಡೆದವು, ಬಂದೂಕು ಹಿಡಿದ ಹುಡುಗರು ಮೂಲೆಮೂಲೆಯಲ್ಲಿ ನಿಂತರು. ಡೊವೆಲ್ ಸತ್ತ ವಾರದೊಳಗೇ ಓಕ್‌ಲೆಂಡ್ ಭಾಗದ ರಿಪಬ್ಲಿಕನ್ ಶಾಸಕ ಡಾನ್ ಮಲ್ಫರ್ಡ್ ನಗರದ ಬೀದಿಗಳಲ್ಲಿ ಗುಂಡು ತುಂಬಿದ ಆಯುಧ ಒಯ್ಯುವುದನ್ನು ಅಪರಾಧ ಮಾಡುವ ಮಸೂದೆ ತಂದರು. ಅದನ್ನು ಪ್ರತಿಭಟಿಸಲು ಮೇ 2ರಂದು ಸುಮಾರು ಮೂವತ್ತು ಪ್ಯಾಂಥರ್‌ಗಳು ಸ್ಯಾಕ್ರಮೆಂಟೊದ ಶಾಸನಸಭೆಗೆ ಬಂದೂಕು ಹಿಡಿದೇ ಹೋದರು. ರಾಜ್ಯಪಾಲ ರೊನಾಲ್ಡ್ ರೇಗನ್ ಆ ಹೊತ್ತಿಗೆ ಅಂಗಳದಲ್ಲಿ ಶಾಲಾ ಮಕ್ಕಳ ಗುಂಪಿನೊಂದಿಗಿದ್ದರು. ನಾಗರಿಕನೊಬ್ಬ ಬೀದಿಯಲ್ಲಿ ಗುಂಡು ತುಂಬಿದ ಆಯುಧ ಹಿಡಿದು ನಡೆಯಲು ತಮಗೆ ಯಾವ ಕಾರಣವೂ ಕಾಣುವುದಿಲ್ಲವೆಂದು ಆ ದಿನ ಹೇಳಿದ ಅವರು, ಜುಲೈ 28ರಂದು ಮಸೂದೆಗೆ ಸಹಿ ಹಾಕಿದರು. ತುರ್ತು ಶಾಸನವಾದ್ದರಿಂದ ಅದು ಕೂಡಲೇ ಜಾರಿಗೆ ಬಂತು.

ಮಲ್ಫರ್ಡ್ ತಮ್ಮ ಮಸೂದೆಯಲ್ಲಿ ಬಣ್ಣದ ಮಾತಿಲ್ಲ ಎಂದೇ ಸಮರ್ಥಿಸಿಕೊಂಡರು. ಪ್ಯಾಂಥರ್‌ಗಳ ಕೈಯಲ್ಲಿ ಮುಂದೆ ರಕ್ತವೂ ಅಂಟಿತಲ್ಲ ಎಂಬ ಮಾತನ್ನೂ ಇದಕ್ಕೆ ಸೇರಿಸಬಹುದು. 1967ರ ಅಕ್ಟೋಬರ್‌ನಲ್ಲಿ ಓಕ್‌ಲೆಂಡ್ ಪೊಲೀಸ್ ಅಧಿಕಾರಿ ಜಾನ್ ಫ್ರೇ ಸತ್ತರು; ಅದಕ್ಕಾಗಿ ನ್ಯೂಟನ್‌ಗೆ ಆದ ಶಿಕ್ಷೆ 1970ರಲ್ಲಿ ರದ್ದಾಯಿತು. 1968ರ ಏಪ್ರಿಲ್‌ನಲ್ಲಿ ಪೊಲೀಸರೊಂದಿಗೆ ನಡೆದ ಗುಂಡಿನ ಚಕಮಕಿಯ ಕೊನೆಗೆ ಬಾಬಿ ಹಟನ್ ಸತ್ತ, ಹದಿನೆಂಟು ತುಂಬುವ ಮೊದಲೇ. ಆ ರಾತ್ರಿ ಪೊಲೀಸರಿಗಾಗಿ ಹೊಂಚು ಹಾಕಿದ್ದು ತಾವೇ ಎಂದು ಪಕ್ಷದ ನಾಯಕ ಎಲ್ಡ್ರಿಜ್ ಕ್ಲೀವರ್ ವರ್ಷಗಳ ನಂತರ ಒಪ್ಪಿಕೊಂಡರು. ಇವನ್ನು ಮುಚ್ಚಿಟ್ಟು ಪ್ಯಾಂಥರ್‌ಗಳನ್ನು ಬರೀ ಕಾನೂನುಪಾಲಕರೆಂದು ಚಿತ್ರಿಸುವುದು ಸುಳ್ಳಾಗುತ್ತದೆ. ಆದರೆ ಕಾಲಕ್ರಮ ನೋಡಬೇಕು. ಈ ಎರಡೂ ಸಾವುಗಳು ಮಸೂದೆ ಕಾನೂನಾದ ಮೇಲಿನವು. ಮಲ್ಫರ್ಡ್ ಮಸೂದೆಗೆ ಕಾರಣವಾದದ್ದು ಗಸ್ತು; ಆ ಗಸ್ತಿನಲ್ಲಿ ಪ್ಯಾಂಥರ್‌ಗಳು ತಾವು ನೆಚ್ಚಿಕೊಂಡ ಕಾನೂನಿನ ಎಲ್ಲೆ ದಾಟದಂತೆ ನಡೆದುಕೊಂಡಿದ್ದರು. ಬೇಟೆಗಾರರು, ರೈತರು ದಶಕಗಳಿಂದ ತುಂಬಿದ ಬಂದೂಕಿನೊಂದಿಗೆ ಓಡಾಡಿದಾಗ ಶಾಸನಸಭೆಗೆ ಕಾಣದಿದ್ದ ಅಪಾಯ, ಅದೇ ಬಂದೂಕು ಪೊಲೀಸರನ್ನು ನೋಡುತ್ತಾ ನಿಂತ ಕರಿಯ ಹುಡುಗರ ಕೈಗೆ ಬಂದಾಗ ಆರೇ ತಿಂಗಳಲ್ಲಿ ಕಂಡಿತು. ಬೀದಿಯಲ್ಲಿ ತುಂಬಿದ ಬಂದೂಕು ಬೇಡ ಎಂಬ ರೇಗನ್ನರ ಮಾತನ್ನು ನಾನು ಒಪ್ಪುತ್ತೇನೆ. ಅದು ಆ ದಿನವೇ ಯಾಕೆ ನೆನಪಾಯಿತು ಎಂಬುದು ನನ್ನ ಪ್ರಶ್ನೆ.

ಮಲ್ಫರ್ಡ್ ಕಾಯ್ದೆಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಉಪಕಲಮು ಇತ್ತು. ಆಯುಧ ಹಿಡಿದವನನ್ನು ಪೊಲೀಸರು ನಿಲ್ಲಿಸಿ, ಅದರಲ್ಲಿ ಗುಂಡು ಇದೆಯೇ ಎಂದು ಪರೀಕ್ಷಿಸಬಹುದು; ತೋರಿಸಲು ಒಪ್ಪದಿದ್ದರೆ ಅದೊಂದೇ ಬಂಧನಕ್ಕೆ ಸಾಕು. 1970ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಹೀಗೆ ಖಾಲಿ ಪಿಸ್ತೂಲು ಧರಿಸುವುದು ಹಕ್ಕಾಗಿಯೇ ಉಳಿಯಿತು, ಆದರೆ ಆ ಹಕ್ಕು ಚಲಾಯಿಸಿದರೆ ಪೊಲೀಸರು ತಡೆಯುವುದು ಖಚಿತವಾಯಿತು. ನಲವತ್ತು ವರ್ಷ ಯಾರೂ ಇದನ್ನು ದೊಡ್ಡದು ಮಾಡಲಿಲ್ಲ. 2009-10ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ, ಸ್ಯಾನ್ ಡಿಯೆಗೊದಲ್ಲಿ ಒಂದು ಹೊಸ ಗುಂಪು ಎದ್ದಿತು. ಖಾಲಿ ಪಿಸ್ತೂಲನ್ನು ಸೊಂಟದ ಒರೆಯಲ್ಲಿ ಸಿಕ್ಕಿಸಿಕೊಂಡು ಇವರು ಸ್ಟಾರ್‌ಬಕ್ಸ್‌ನಂಥ ಕಾಫಿ ಅಂಗಡಿಗಳಲ್ಲಿ ಕೂಡುತ್ತಿದ್ದರು, ಪೊಲೀಸರು ಬಂದು ಪರೀಕ್ಷಿಸುವುದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಈ ಗುಂಪಿನಲ್ಲಿ ಹೆಚ್ಚಿನವರು ಬಿಳಿಯರು. ಇವರ ವಿರುದ್ಧವೂ ಕಾನೂನು ಬಂತು: ಶಾಸಕ ಆಂಥನಿ ಪೋರ್ಟಂಟಿನೊ ತಂದ ಮಸೂದೆಗೆ ರಾಜ್ಯಪಾಲ ಜೆರಿ ಬ್ರೌನ್ 2011ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು, 2012ರ ಜನವರಿ 1ರಿಂದ ಖಾಲಿ ಪಿಸ್ತೂಲಿನ ಬಹಿರಂಗ ಧಾರಣೆಯೂ ನಿಷಿದ್ಧವಾಯಿತು. ಹಾಗಾದರೆ ಬಣ್ಣದ ವಾದ ಬಿದ್ದುಹೋಯಿತೇ ಎಂದರೆ, ಇಲ್ಲ. ಈ ಪ್ರಸಂಗ ನನ್ನ ವಾದದ ಇನ್ನೊಂದು ಮುಖವನ್ನು ತೋರಿಸುತ್ತದೆ. ಪೊಲೀಸ್ ಮುಖ್ಯಸ್ಥರು ಆ ಮಸೂದೆಯನ್ನು ಬೆಂಬಲಿಸಿದ್ದಕ್ಕೆ ಕೊಟ್ಟ ಕಾರಣವೇ ಇದು: ದೂರು ಬಂದಾಗ ಹೋದ ಅಧಿಕಾರಿಗೆ ಎದುರಿಗಿರುವವನ ಮನಸ್ಸು ತಿಳಿಯುವುದಿಲ್ಲ, ತುಸು ಅನುಮಾನದ ಚಲನೆ ಕಂಡರೂ ಅನಾಹುತವಾಗಬಹುದು.

ಈಗ ವಯಸ್ಸಿನ ಮಾತು. 1968ರ ಕೇಂದ್ರ ಕಾನೂನಿನ ಪ್ರಕಾರ ಪರವಾನಗಿ ಪಡೆದ ಅಂಗಡಿಯವನು 21 ತುಂಬದವರಿಗೆ ಕೈಬಂದೂಕು ಮಾರುವಂತಿಲ್ಲ. ಆದರೆ ಹೊಂದಿರುವುದಕ್ಕೆ 1994ರ ಕಾನೂನಿನಲ್ಲಿ ಗಡಿ 18. ತಂದೆ ಉಡುಗೊರೆ ಕೊಟ್ಟ ಪಿಸ್ತೂಲು ಹತ್ತೊಂಬತ್ತರ ಹುಡುಗನ ಬಳಿ ಇರಬಹುದು. ಪೆನ್ಸಿಲ್ವೇನಿಯ, ವರ್ಜೀನಿಯ, ನಾರ್ತ್ ಕ್ಯಾರೊಲಿನ, ವಿಸ್ಕಾನ್ಸಿನ್‌ನಂಥ ರಾಜ್ಯಗಳು ಅಡಗಿಸಿ ಧರಿಸುವ ಪರವಾನಗಿಗೆ 21 ವರ್ಷ ಎಂದಿಟ್ಟವು, ಬಹಿರಂಗವಾಗಿ ಧರಿಸಲು 18 ಸಾಕು ಎಂದು ಬಿಟ್ಟವು. ಫಲವೇನಾಯಿತು ನೋಡಿ. ನಲವತ್ತರ ಮಧ್ಯಮವರ್ಗದವನು ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪಿಸ್ತೂಲನ್ನು ಕೋಟಿನೊಳಗೆ ಅಡಗಿಸಿಕೊಳ್ಳುತ್ತಾನೆ, ಅವನು ಪೊಲೀಸರ ಕಣ್ಣಿಗೇ ಬೀಳುವುದಿಲ್ಲ. ಹತ್ತೊಂಬತ್ತರವನಿಗೆ ಉಳಿದ ಏಕೈಕ ಕಾನೂನುಬದ್ಧ ದಾರಿ ಎಲ್ಲರಿಗೂ ತೋರಿಸಿಕೊಂಡು ನಡೆಯುವುದು. ಅನುಭವ ಕಡಿಮೆ ಇರುವವನನ್ನು, ಪೊಲೀಸರು ಮೊದಲೇ ಅನುಮಾನಿಸುವ ವಯಸ್ಸಿನವನನ್ನು, ಅವರೊಂದಿಗೆ ಅತಿ ಹೆಚ್ಚು ಮುಖಾಮುಖಿಯಾಗುವ ಜಾಗದಲ್ಲಿ ಶಾಸನವೇ ನಿಲ್ಲಿಸಿತು. ಹೀಗಾಗಲೆಂದು ಯಾರೂ ಯೋಜಿಸಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಮರ್ಯಾದೆಯ ಕಲ್ಪನೆಯೂ ಇಪ್ಪತ್ತನೇ ಶತಮಾನದ ಪರವಾನಗಿ ಪದ್ಧತಿಯೂ ಒಂದರ ಮೇಲೊಂದು ಕೂತಿದ್ದರ ಪರಿಣಾಮ.

ನ್ಯಾಯಾಲಯಗಳು ಈ ಗೊಂದಲ ಬಿಡಿಸಿವೆಯೇ? ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1968ರ ಟೆರ್ರಿ ತೀರ್ಪು ಪೊಲೀಸರಿಗೆ ತಡಕಾಡುವ ಅಧಿಕಾರ ಕೊಟ್ಟದ್ದು ಎದುರಿಗಿರುವವನು ಆಯುಧಧಾರಿ ಮತ್ತು ಅಪಾಯಕಾರಿ ಎಂಬ ಅನುಮಾನಕ್ಕೆ ಆಧಾರವಿದ್ದಾಗ. ಆಯುಧ ಧರಿಸುವುದೇ ಹಕ್ಕಾಗಿರುವ ರಾಜ್ಯದಲ್ಲಿ ಆಯುಧಧಾರಿಯೆಲ್ಲ ಅಪಾಯಕಾರಿಯೇ? 2013ರಲ್ಲಿ ಕೇಂದ್ರದ ನಾಲ್ಕನೇ ವೃತ್ತದ (ಸರ್ಕಿಟ್) ಮೇಲ್ಮನವಿ ನ್ಯಾಯಾಲಯ, ನಾರ್ತ್ ಕ್ಯಾರೊಲಿನದ ಷಾರ್ಲಟ್‌ನಿಂದ ಬಂದ ಬ್ಲ್ಯಾಕ್ ಪ್ರಕರಣದಲ್ಲಿ, ಕಾನೂನುಬದ್ಧವಾಗಿ ಕಾಣುವಂತೆ ಪಿಸ್ತೂಲು ಧರಿಸಿದ್ದೇ ತಡೆದು ನಿಲ್ಲಿಸಲು ಕಾರಣವಾಗದು ಎಂದಿತು. 2015ರಲ್ಲಿ ಆರನೇ ವೃತ್ತದ ನ್ಯಾಯಾಲಯ, ಒಹಾಯೊದ ಟೊಲಿಡೊದಲ್ಲಿ ಪಿಸ್ತೂಲು ಧರಿಸಿ ನಾಯಿ ಅಡ್ಡಾಡಿಸುತ್ತಿದ್ದವನಿಗೆ ಕೈಕೋಳ ತೊಡಿಸಿದ ಪ್ರಕರಣದಲ್ಲಿ ಅದನ್ನೇ ಹೇಳಿತು. ಆದರೆ 2017ರಲ್ಲಿ ಅದೇ ನಾಲ್ಕನೇ ವೃತ್ತದ ಪೂರ್ಣಪೀಠ ರಾಬಿನ್ಸನ್ ಪ್ರಕರಣದಲ್ಲಿ, ಸಂಚಾರ ನಿಯಮದ ಕಾರಣಕ್ಕೆ ನ್ಯಾಯವಾಗಿ ತಡೆದ ಮೇಲೆ, ಆಯುಧ ಕಾನೂನುಬದ್ಧವೋ ಅಲ್ಲವೋ ಎಂಬುದು ಮುಖ್ಯವಲ್ಲ, ಆಯುಧಧಾರಿಯಾದರೆ ಅಪಾಯಕಾರಿಯೆಂದೇ ತಿಳಿದು ತಡಕಬಹುದು ಎಂದಿತು. ನಡೆದು ಹೋಗುವಾಗ ನಿರಪರಾಧಿಯಾದವನು ಕಾರಿನ ಸೀಟ್‌ಬೆಲ್ಟ್ ಹಾಕದಿದ್ದರೆ ಅಪಾಯಕಾರಿಯಾಗುತ್ತಾನೆ. ಕರಿಯರ ಕೇರಿಗಳಲ್ಲಿ ಕಾರುಗಳನ್ನು ಎಷ್ಟು ಸಣ್ಣ ಕಾರಣಕ್ಕೆ ತಡೆಯುತ್ತಾರೆಂದು ಬಲ್ಲವರಿಗೆ ಈ ತೀರ್ಪಿನ ಭಾರ ಯಾರ ಮೇಲೆ ಬೀಳುತ್ತದೆಂದು ವಿವರಿಸಬೇಕಿಲ್ಲ. ಅದರ ಹಿಂದಿನ ವರ್ಷ, 2016ರ ಜುಲೈ 6ರಂದು, ಮಿನ್ನೆಸೋಟದಲ್ಲಿ ಫಿಲಾಂಡೊ ಕಸ್ಟೀಲ್ ಎಂಬ ಶಾಲಾ ಅಡುಗೆಮನೆಯ ನೌಕರ ಕಾರು ತಡೆದ ಅಧಿಕಾರಿಗೆ ತನ್ನ ಬಳಿ ಆಯುಧ ಇದೆಯೆಂದು ತಾನಾಗಿಯೇ ಹೇಳಿದ್ದ. ಪರವಾನಗಿಯೂ ಇತ್ತು. ಅಧಿಕಾರಿ ಗುಂಡು ಹಾರಿಸಿ ಕೊಂದ. 2017ರಲ್ಲಿ ತೀರ್ಪುಗಾರರು ಆತನನ್ನು ನಿರ್ದೋಷಿ ಎಂದರು.

ಪೊಲೀಸರ ಭಯ ಹುಸಿಯಲ್ಲ, ಅದನ್ನು ಒಪ್ಪದೆ ಈ ವಿಷಯ ಬರೆಯುವುದು ಅನ್ಯಾಯ. ಕಸ್ಟೀಲ್ ಸತ್ತ ಮರುದಿನವೇ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಪ್ರತಿಭಟನೆಯ ಕೊನೆಗೆ ಒಬ್ಬ ಹೊಂಚುಕೋರ ಐವರು ಪೊಲೀಸರನ್ನು ಕೊಂದ. ಆ ಮೆರವಣಿಗೆಯಲ್ಲಿ ರೈಫಲ್ ಧರಿಸಿ ಬಂದವರು ಹಲವರಿದ್ದರು, ಅದು ಅಲ್ಲಿ ಕಾನೂನುಬದ್ಧ. ಅವರಲ್ಲೊಬ್ಬ ಕರಿಯ ಯುವಕನ ಚಿತ್ರವನ್ನು ಪೊಲೀಸರು ಶಂಕಿತನೆಂದು ಜಗತ್ತಿಗೆಲ್ಲ ಹಂಚಿದರು. ಅವನು ಏನೂ ಮಾಡಿರಲಿಲ್ಲ, ತಾನಾಗಿಯೇ ಆಯುಧ ಒಪ್ಪಿಸಿದ್ದ. ಗುಂಡು ಹಾರುವಾಗ ಆಯುಧ ಹಿಡಿದು ಓಡುವವರಲ್ಲಿ ಯಾರು ಯಾರೆಂದು ತಿಳಿಯುವುದು ಹೇಗೆ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಕೇಳಿದರು. ಅವರೂ ಕರಿಯರೇ. ಈ ಪ್ರಶ್ನೆಗೆ ಬಹಿರಂಗ ಧಾರಣೆಯ ಪರವಾದಿಗಳು ಸರಿಯಾದ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ಹೆಚ್ಚು ಜನ ಧರಿಸಿದರೆ ಪೊಲೀಸರಿಗೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಫ್ಲಾರಿಡಾದ ನಲವತ್ತೆಂಟು ವರ್ಷ ನೋಡಿದರೆ, ಅಭ್ಯಾಸವಾಗುವುದು ಕೆಲವರ ಆಯುಧಕ್ಕೆ ಮಾತ್ರ. ಒಂದೆರಡು ಘಟನೆಗಳಿಂದ ನಿಯಮ ಹೇಳಬಾರದು ಎಂಬುದು ನ್ಯಾಯವಾದ ಎಚ್ಚರಿಕೆ. ಅದಕ್ಕೇ ನಾನು ಘಟನೆಗಳಿಗಿಂತ ಹೆಚ್ಚಾಗಿ ನ್ಯಾಯಮೂರ್ತಿಗಳೇ ಬರೆದಿಟ್ಟದ್ದನ್ನು ನೆಚ್ಚಿದ್ದೇನೆ.

ಕನ್ನಡ ಓದುಗರಿಗೆ ಇಲ್ಲಿ ಕೊಡಗು ನೆನಪಾಗದೆ ಇರದು. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್‌ಗೆ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಅದೂ ಹುಟ್ಟಿದ್ದು ಆಳುವವರ ನಂಬಿಕೆಯಿಂದಲೇ. 1857ರ ನಂತರ ಬ್ರಿಟಿಷರು ಯಾರನ್ನು ನಂಬಿದರೋ ಅವರಿಗೆ ಕೋವಿ, 1878ರ ಆಯುಧ ಕಾಯ್ದೆ ಉಳಿದ ಭಾರತೀಯರಿಗೆ. ಆದರೆ ಒಂದು ವ್ಯತ್ಯಾಸ ದೊಡ್ಡದು. ಇಲ್ಲಿ ಯಾರಿಗೆ ವಿನಾಯಿತಿ ಎಂಬುದು ಅಧಿಸೂಚನೆಯಲ್ಲಿ ಹೆಸರು ಹಿಡಿದು ಬರೆದಿದೆ. ಬರೆದಿರುವುದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎರಡೂ ಕಡೆ ಕೇಳಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಒಪ್ಪಲಿ ಬಿಡಲಿ, ವಾದ ನಡೆದದ್ದು ಬೆಳಕಿನಲ್ಲಿ. ಅಮೆರಿಕದ ಬೀದಿಯಲ್ಲಿ ವಿನಾಯಿತಿಯ ಪಟ್ಟಿ ಪೊಲೀಸರ ತಲೆಯೊಳಗಿದೆ. ಅದನ್ನು ಯಾವ ನ್ಯಾಯಾಲಯದ ಮುಂದೆ ಇಟ್ಟು ಓದಿಸುವುದು?

ಬಂದೂಕು ಇಲ್ಲದಿದ್ದರೆ ಪ್ಯಾಂಥರ್‌ಗಳ ಮಾತನ್ನು ಪೊಲೀಸರು ಕೇಳುತ್ತಿದ್ದರೇ ಎಂಬ ಪ್ರಶ್ನೆ ಉಳಿಯುತ್ತದೆ. ಬಹುಶಃ ಆಗ ಕೇಳುತ್ತಿರಲಿಲ್ಲ. ಆದರೆ ಅವರು ಬಯಸಿದ್ದು ಬಂಧನವನ್ನು ಯಾರಾದರೂ ನೋಡುತ್ತಿರಬೇಕು ಎಂದು. 2011ರಲ್ಲಿ ಬೋಸ್ಟನ್‌ನ ಗ್ಲಿಕ್ ಪ್ರಕರಣದಲ್ಲಿ ಮೊದಲನೇ ವೃತ್ತದ ನ್ಯಾಯಾಲಯ, ಸಾರ್ವಜನಿಕ ಜಾಗದಲ್ಲಿ ಪೊಲೀಸರನ್ನು ಫೋನಿನಲ್ಲಿ ಚಿತ್ರೀಕರಿಸುವುದು ನಾಗರಿಕರ ಹಕ್ಕು ಎಂದಿತು. 2020ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ 17 ವರ್ಷದ ಹುಡುಗಿ ತೆಗೆದ ವಿಡಿಯೊ ಜಾರ್ಜ್ ಫ್ಲಾಯ್ಡ್ ಕೊಲೆಯ ಮುಖ್ಯ ಸಾಕ್ಷ್ಯವಾಗಿ ಪೊಲೀಸ್ ಅಧಿಕಾರಿಗೆ ಶಿಕ್ಷೆಯಾಯಿತು. ಫೋನು ಯಾವಾಗಲೂ ನ್ಯಾಯ ತರುತ್ತದೆಂದಲ್ಲ, ಕಸ್ಟೀಲ್ ಸಾಯುವುದೂ ನೇರಪ್ರಸಾರದಲ್ಲೇ ಕಂಡಿತ್ತು. ಆದರೂ ಸಾಕ್ಷಿಯಾಗಿ ನಿಲ್ಲುವ ಹಕ್ಕಿಗೆ ಪಿಸ್ತೂಲಿನ ಹಂಗು ಬೇಕಿಲ್ಲ ಎಂಬುದು ಈಗ ಸ್ಥಾಪಿತವಾಗಿದೆ. ನನ್ನ ತೀರ್ಮಾನ ಇದು: ನಗರದ ಬೀದಿಯಲ್ಲಿ ಪಿಸ್ತೂಲು ಬೇಡವೆಂದಾದರೆ ನಲವತ್ತರವನಿಗೂ ಹತ್ತೊಂಬತ್ತರವನಿಗೂ, ಬಿಳಿಯನಿಗೂ ಕರಿಯನಿಗೂ ಒಟ್ಟಿಗೆ ಬೇಡವೆನ್ನಬೇಕು, ಹಾಗೆನ್ನುವುದೇ ಒಳ್ಳೆಯದು. ಬೇಕೆಂದಾದರೆ ಅದನ್ನು ಕಂಡ ಪೊಲೀಸ್ ಏನು ಮಾಡುವಂತಿಲ್ಲ ಎಂಬುದನ್ನೂ ಅದೇ ಕಾನೂನಿನಲ್ಲಿ ಬರೆಯಬೇಕು. ಅನುಮತಿ ಕೊಟ್ಟ ಶಾಸನಸಭೆಗಳಲ್ಲಿ ಹೆಚ್ಚಿನವು ಮೊದಲ ಅರ್ಧವನ್ನಷ್ಟೇ ಬರೆದು, ಎರಡನೆಯ ಅರ್ಧವನ್ನು ಬೀದಿಗೆ ಬಿಟ್ಟಿವೆ.